ದೊಡ್ಡ ಪರದೆ, ಚಿಕ್ಕ ಚಾವಡಿ

ಮನೆಗೆ ಟೆಲಿವಿಷನ್ ಕೊಳ್ಳುವುದು ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಚರ್ಚಿಸತಕ್ಕ ವಿಷಯವೇ ಎಂದು ಕೆಲವು ಮಿತ್ರರೂ ಒಬ್ಬಿಬ್ಬರು ಉಪನ್ಯಾಸಕರೂ ಹುಬ್ಬೇರಿಸಬಹುದು. ಕವನ, ಪ್ರವಾಸಕಥನ, ಅಂತರಕಾಲೇಜು ಪಂದ್ಯಗಳ ವರದಿ, ಇವುಗಳ ನಡುವೆ ಅಂಗಡಿಯ ಸರಕಿಗೇನು ಕೆಲಸ? ನನ್ನ ಉತ್ತರ ಇಷ್ಟೇ. ನಮ್ಮಲ್ಲಿ ಅನೇಕರು ತಮ್ಮ ಮನೆತನದಲ್ಲಿ ಮೊತ್ತಮೊದಲಾಗಿ ಪದವಿ ತರಗತಿಯ ಮೆಟ್ಟಲೇರಿದವರು. ಅಂಥವರ ವಿದ್ಯೆಗೆ ವಿಶ್ವವಿದ್ಯಾನಿಲಯವು ಆರು ತಿಂಗಳಿಗೊಮ್ಮೆ ಪರೀಕ್ಷೆ ಒಡ್ಡಿದರೆ ಮನೆಯವರು ದಿನವೂ ಒಡ್ಡುತ್ತಾರೆ. ಆಸ್ಪತ್ರೆಯ ಚೀಟಿ, ಬ್ಯಾಂಕಿನ ಅರ್ಜಿ, ಕರೆಂಟು ಬಿಲ್ಲು, ಜಾಗದ ಕಾಗದ ಎಲ್ಲವೂ ನಮ್ಮ ಕೈಗೇ ಬರುತ್ತವೆ. "ಓದಿದ್ದು ನೀನಲ್ಲವಾ? ನೀನೇ ನೋಡಿ ಹೇಳು" ಎಂಬ ಮಾತನ್ನು ಕೇಳದವರು ಈ ಕಾಲೇಜಿನಲ್ಲಿ ವಿರಳ. ಈಚೆಗೆ ಆ ಕಾಗದಗಳ ಸಾಲಿಗೆ ಟೆಲಿವಿಷನ್ ಪೆಟ್ಟಿಗೆಯ ಮೇಲಿನ ಬರಹವೂ ಸೇರಿಕೊಂಡಿದೆ. ಅದನ್ನು ನಾವು ಮನೆಯವರ ಪರವಾಗಿ ಓದುತ್ತೇವೆಯೋ ಅಂಗಡಿಯವರ ದುಭಾಷಿಗಳಾಗಿ ಓದುತ್ತೇವೆಯೋ ಎಂಬುದು ಸಣ್ಣ ಪ್ರಶ್ನೆಯಲ್ಲ. ಏಕೆಂದರೆ ನಾವು ಹೇಳಿದ ಮಾತಿನ ಮೇಲೆ ಮನೆಯ ಒಂದು ವರ್ಷದ ಉಳಿತಾಯ ಹೊರಟುಹೋಗುತ್ತದೆ.

ಹಂಪನಕಟ್ಟೆಯಿಂದ ಕಂಕನಾಡಿಯ ಕಡೆಗೆ ಒಂದು ಸಂಜೆ ನಡೆದುಹೋದರೆ ಸಾಕು, ಗಾಜಿನ ಬಾಗಿಲುಗಳ ಹಿಂದೆ ಗೋಡೆ ತುಂಬ ಉರಿಯುವ ಪರದೆಗಳು ನಮ್ಮನ್ನು ಕರೆಯುತ್ತವೆ. ೨೦೧೯ರ ಜನವರಿಯಿಂದ ೩೨ ಅಂಗುಲದವರೆಗಿನ ಯಂತ್ರಕ್ಕೆ ಶೇಕಡಾ ೧೮, ಅದಕ್ಕಿಂತ ದೊಡ್ಡದಕ್ಕೆ ಶೇಕಡಾ ೨೮ ಎಂದು ಜಿ.ಎಸ್.ಟಿ.ಯಲ್ಲಿ ಭೇದವಿತ್ತು. ೨೦೨೫ರ ಸೆಪ್ಟೆಂಬರ್ ೨೨ರಿಂದ ದೊಡ್ಡದಕ್ಕೂ ೧೮ ಆಯಿತು. ಒಳ್ಳೆಯದೇ ಆಯಿತು. ಆದರೆ ತೆರಿಗೆಯ ಆ ಬೇಲಿ ಬಿದ್ದ ಮೇಲೆ, ಚಿಕ್ಕದನ್ನು ಕೇಳುವವರನ್ನು ಅಂಗಡಿಯಲ್ಲಿ ಕನಿಕರದಿಂದ ನೋಡುವ ಕಾಲವೂ ಬಂದಿದೆ. ಒಳಗೆ ಕಾಲಿಟ್ಟ ಕೂಡಲೇ ಬರುವ ಮೊದಲ ಪ್ರಶ್ನೆ, "ಎಷ್ಟು ಇಂಚಿನದು ಸರ್?" ಎಂಬುದು. ನಿಮ್ಮ ಚಾವಡಿ ಎಷ್ಟು ಉದ್ದ, ನೋಡುವವರು ಯಾರು, ಅವರು ಎಲ್ಲಿ ಕೂರುತ್ತಾರೆ, ಏನು ನೋಡುತ್ತಾರೆ ಎಂದು ಯಾರೂ ಕೇಳುವುದಿಲ್ಲ. ಕೇಳಬೇಕಾದವರು ಅವರಲ್ಲ, ನಾವು.

ಅಂಗುಲದ ಲೆಕ್ಕವನ್ನೇ ಮೊದಲು ನೋಡೋಣ. ಪೆಟ್ಟಿಗೆಯ ಮೇಲಿನ ಅಂಗುಲವು ಪರದೆಯ ಅಗಲವೂ ಅಲ್ಲ, ಎತ್ತರವೂ ಅಲ್ಲ; ಒಂದು ಮೂಲೆಯಿಂದ ಎದುರು ಮೂಲೆಗೆ ಎಳೆದ ಕರ್ಣರೇಖೆಯ ಉದ್ದ. ೪೩ ಅಂಗುಲದ ಪರದೆಯ ಅಗಲ ಸುಮಾರು ೯೫ ಸೆಂಟಿಮೀಟರು, ಎತ್ತರ ಸುಮಾರು ೫೩. ೬೫ ಅಂಗುಲದ್ದರ ಅಗಲ ೧೪೪, ಎತ್ತರ ೮೧. ಕರ್ಣರೇಖೆ ಒಂದೂವರೆ ಪಟ್ಟು ಹೆಚ್ಚಾದಾಗ ಗೋಡೆಯ ಮೇಲೆ ಅದು ಆಕ್ರಮಿಸುವ ಜಾಗ ಎರಡೂಕಾಲು ಪಟ್ಟಿಗಿಂತಲೂ ಹೆಚ್ಚಾಗಿರುತ್ತದೆ. ಪ್ರೌಢಶಾಲೆಯಲ್ಲಿ ಪೈಥಾಗೊರಸನ ಪ್ರಮೇಯವನ್ನು ಬಾಯಿಪಾಠ ಮಾಡಿದ ನಾವು ಅದನ್ನು ಬಳಸುವ ಅವಕಾಶ ಬಂದಾಗ ಅಂಗಡಿಯ ಹುಡುಗನ ಮುಖ ನೋಡುತ್ತೇವೆ! ಗಣಿತ ಬೇಡವೆನ್ನುವವರಿಗೆ ಇನ್ನೊಂದು ಉಪಾಯವಿದೆ. ಹಳೆಯ ವೃತ್ತಪತ್ರಿಕೆಗಳನ್ನು ಆ ಅಳತೆಗೆ ಅಂಟಿಸಿ ಗೋಡೆಗೆ ತೂಗುಹಾಕಿ, ಎರಡು ದಿನ ಹಾಗೆಯೇ ಬಿಡುವುದು. ನಮ್ಮ ಮನೆಯಲ್ಲಿ ನಾನು ಹಾಗೆ ತೂಗುಹಾಕಿದಾಗ, ಗೋಡೆ ಬಿರುಕು ಬಿಟ್ಟಿದೆಯೇ ಎಂದು ಅಜ್ಜಿ ಕೇಳಿದರು. ೬೫ ಅಂಗುಲದ ಕಾಗದವು ಒಂದು ಕಡೆ ಕಿಟಕಿಯ ದಾರಂದವನ್ನೂ ಇನ್ನೊಂದು ಕಡೆ ದೇವರ ಪಟವನ್ನೂ ಮುಟ್ಟುತ್ತಿತ್ತು.

ಇನ್ನು ದೂರದ ಮಾತು. ಸಿನೆಮಾ ತಂತ್ರಜ್ಞರ ಒಂದು ಸಾಮಾನ್ಯ ಲೆಕ್ಕದಂತೆ, ಪರದೆಯು ನಮ್ಮ ದೃಷ್ಟಿಯ ಸುಮಾರು ೩೦ ಡಿಗ್ರಿಯನ್ನು ತುಂಬಿದರೆ ನೋಟಕ್ಕೆ ಹಿತ. ಎಂದರೆ ಕೂರುವ ದೂರವು ಕರ್ಣರೇಖೆಯ ೧.೬ ಪಟ್ಟಿನಷ್ಟಿರಬೇಕು. ಮಂಗಳೂರಿನ ಸಾಮಾನ್ಯ ಹಂಚಿನ ಮನೆಯ ಚಾವಡಿಯಲ್ಲಾಗಲಿ, ಹೊಸ ಫ್ಲ್ಯಾಟುಗಳ ಹಾಲಿನಲ್ಲಾಗಲಿ, ಗೋಡೆಗೆ ಒರಗಿ ಕೂತವರಿಗೂ ಎದುರುಗೋಡೆಗೂ ಎಂಟು ಅಡಿಯ ಅಂತರವಿದೆ ಎಂದಿಟ್ಟುಕೊಳ್ಳಿ. ಎಂಟು ಅಡಿ ಎಂದರೆ ೯೬ ಅಂಗುಲ, ೧.೬ರಿಂದ ಭಾಗಿಸಿದರೆ ೬೦. ಹಾಗಾದರೆ ೫೫ ಅಂಗುಲದ್ದು ಧಾರಾಳವಾಗಿ ಹಿಡಿಸುತ್ತದಲ್ಲ ಎಂದು ನೀವು ಹೇಳಬಹುದು. ನಿಜ, ಹಿಡಿಸುತ್ತದೆ, ಆದರೆ ಬರುವ ಚಿತ್ರವು ಅಷ್ಟು ಸ್ಪಷ್ಟವಾಗಿದ್ದರೆ ಮಾತ್ರ. ಅಂಗಡಿಯ ಲೆಕ್ಕ ಎಡವುವುದು ಇಲ್ಲಿ.

ಅಂಗಡಿಯಲ್ಲಿ ಸದಾ ಓಡುತ್ತಿರುವ ಚಿತ್ರಗಳನ್ನು ನೋಡಿದ್ದೀರಷ್ಟೆ? ಹಿಮದ ಬೆಟ್ಟ, ಗಿಳಿಯ ರೆಕ್ಕೆ, ಹಣ್ಣಿನ ಮೇಲಿನ ನೀರಹನಿ. ಅವು ಆ ಪರದೆಗಾಗಿಯೇ ಸಿದ್ಧಪಡಿಸಿದವು. ೪ಕೆ ಎಂದು ಕರೆಯುವ ಪರದೆಯಲ್ಲಿ ಅಡ್ಡಕ್ಕೆ ೩೮೪೦, ಉದ್ದಕ್ಕೆ ೨೧೬೦, ಒಟ್ಟು ಸುಮಾರು ೮೩ ಲಕ್ಷ ಚುಕ್ಕೆಗಳಿವೆ. ಸಾದಾ ಕೇಬಲ್ ಚಂದಾದಲ್ಲಿ ಬರುವ ಹಳೆಯ ಪ್ರಮಾಣದ ವಾಹಿನಿಯ ಚಿತ್ರದಲ್ಲಿರುವುದು ೭೨೦ಕ್ಕೆ ೫೭೬, ಎಂದರೆ ನಾಲ್ಕು ಲಕ್ಷ ಚಿಲ್ಲರೆ. ಹೊರಗಿನಿಂದ ಬಂದ ಒಂದು ಚುಕ್ಕೆಗೆ ಹತ್ತೊಂಬತ್ತು ಚುಕ್ಕೆಗಳನ್ನು ಯಂತ್ರ ತಾನೇ ಊಹಿಸಿ ತುಂಬಬೇಕು. ಒಂದು ಲೋಟ ಮಜ್ಜಿಗೆಗೆ ಹತ್ತೊಂಬತ್ತು ಲೋಟ ನೀರು ಸೇರಿಸಿದ ಹಾಗೆ. ಚೊಂಬು ದೊಡ್ಡದಾದಷ್ಟೂ ಆ ನೀರು ಎದ್ದು ಕಾಣುತ್ತದೆ. ಇಂಥ ಚಿತ್ರವನ್ನು ಕರ್ಣರೇಖೆಯ ಎರಡು, ಎರಡೂಕಾಲು ಪಟ್ಟು ದೂರದಿಂದ ನೋಡಿದರೆ ಮಾತ್ರ ಅದರ ದೋಷ ಮುಚ್ಚಿಹೋಗುತ್ತದೆ. ೯೬ನ್ನು ಎರಡೂಕಾಲರಿಂದ ಭಾಗಿಸಿ ನೋಡಿ: ೪೩ಕ್ಕೆ ಬಂದು ನಿಲ್ಲುತ್ತದೆ. ಆದಕಾರಣ ಹೆಚ್ಚು ಹೊತ್ತು ಹೊಸ ಸಿನೆಮಾ ನೋಡುವ ಮನೆಗೆ ೫೫, ಹೆಚ್ಚು ಹೊತ್ತು ಧಾರಾವಾಹಿ, ವಾರ್ತೆ, ಸ್ಥಳೀಯ ಕಾರ್ಯಕ್ರಮ ನೋಡುವ ಮನೆಗೆ ೪೩ ಎಂದು ನಾನು ಹೇಳುತ್ತೇನೆ. ಎಂಟು ಅಡಿಯ ಚಾವಡಿಗೆ ೬೫ ಬೇಕೆನ್ನುವವರು ಮೊದಲು ಚಾವಡಿಯನ್ನು ಉದ್ದಮಾಡಲಿ.

ನಮ್ಮ ಜಿಲ್ಲೆಯಲ್ಲಿ ಜನ ನೋಡುವುದೇನು ಎಂಬುದನ್ನೂ ಗಮನಿಸಬೇಕು. ನವೆಂಬರಿನಿಂದ ಮೇ ತಿಂಗಳವರೆಗೆ ಮೇಳಗಳ ತಿರುಗಾಟ. ಆಟಕ್ಕೆ ಹೋಗಲಾಗದ ಹಿರಿಯರು ಮನೆಯಲ್ಲೇ ಕೂತು ನೇರಪ್ರಸಾರ ನೋಡುತ್ತಾರೆ. ಮಳೆಗಾಲದಲ್ಲಿ ಹಳೆಯ ಆಟಗಳ ಮುದ್ರಣಗಳೇ ಗತಿ. ವೀಡಿಯೋ ಕ್ಯಾಸೆಟಿನಿಂದ ಸಿ.ಡಿ.ಗೆ, ಸಿ.ಡಿ.ಯಿಂದ ಅಂತರ್ಜಾಲಕ್ಕೆ ದಾಟಿಬಂದ ಆ ಚಿತ್ರಗಳು ಮೊದಲೇ ಮಸುಕು. ಸಾಲದ್ದಕ್ಕೆ ಅವು ಹಳೆಯ ಪೆಟ್ಟಿಗೆ ಟಿ.ವಿ.ಯ ಆಕಾರದವು: ನಾಲ್ಕು ಪಾಲು ಅಗಲಕ್ಕೆ ಮೂರು ಪಾಲು ಎತ್ತರ. ಇಂದಿನ ಪರದೆಯೋ ಹದಿನಾರಕ್ಕೆ ಒಂಬತ್ತು. ಹಳೆಯ ಚಿತ್ರವನ್ನು ಅದರ ಆಕಾರಕ್ಕೇ ಬಿಟ್ಟರೆ ಎರಡು ಪಕ್ಕದಲ್ಲಿ ಕಪ್ಪು ಪಟ್ಟಿ ಉಳಿಯುತ್ತದೆ. "ಇಷ್ಟು ಹಣ ಕೊಟ್ಟು ಪರದೆ ಖಾಲಿ ಬಿಡುವುದೇ?" ಎಂದು ಮನೆಯವರು ಅದನ್ನು ಎಳೆದು ಪೂರ್ತಿ ಹರಡುತ್ತಾರೆ, ಆಗ ಪ್ರತಿಯೊಬ್ಬ ಪಾತ್ರಧಾರಿಯೂ ಮೂರನೆಯ ಒಂದು ಪಾಲು ಅಗಲವಾಗುತ್ತಾನೆ. ಶಂಕರ್‌ನಾಗ್ ಆಗುಂಬೆಯಲ್ಲಿ ಚಿತ್ರಿಸಿದ 'ಮಾಲ್ಗುಡಿ ಡೇಸ್'ನ ಸ್ವಾಮಿ ಎಂಬ ಬಡಕಲು ಹುಡುಗ ಎಷ್ಟು ಮನೆಗಳಲ್ಲಿ ಡೊಳ್ಳುಹೊಟ್ಟೆಯವನಾಗಿ ಓಡಾಡುತ್ತಿದ್ದಾನೋ! ಕಿರೀಟವೇಷದ ಅಂದವೆಲ್ಲ ಪ್ರಮಾಣದಲ್ಲಿದೆ. ಅದನ್ನು ಹೀಗೆ ಹಿಗ್ಗಿಸುವುದು ನನ್ನ ದೃಷ್ಟಿಯಲ್ಲಿ ಕಲೆಗೆ ಮಾಡುವ ಅಪಚಾರ. ಪಕ್ಕದ ಕಪ್ಪು ಪಟ್ಟಿಗಳನ್ನು ಸಹಿಸಿಕೊಳ್ಳುವುದು ಲೇಸು.

ಕಪ್ಪಿನ ಮಾತು ಬಂದದ್ದರಿಂದ, ಈಗ ಇಲ್ಲವಾಗಿರುವ ಒಂದು ಯಂತ್ರದ ಕಥೆಯನ್ನು ಹೇಳಲೇಬೇಕು. ಗೋಡೆಗೆ ತೂಗುವ ದೊಡ್ಡ ಚಪ್ಪಟೆ ಟಿ.ವಿ. ಎಂದರೆ ಮೊದಲ ವರ್ಷಗಳಲ್ಲಿ ಜನರಿಗೆ ಗೊತ್ತಿದ್ದದ್ದು ಪ್ಲಾಸ್ಮಾ. ಅದು ಹುಟ್ಟಿದ್ದು ನಮ್ಮಂಥ ವಿದ್ಯಾರ್ಥಿಗಳಿಗಾಗಿ ಎಂದರೆ ಆಶ್ಚರ್ಯವಾದೀತು. ೧೯೬೪ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ ಡೊನಾಲ್ಡ್ ಬಿಟ್ಜರ್, ಜೀನ್ ಸ್ಲಾಟೊ, ರಾಬರ್ಟ್ ವಿಲ್ಸನ್ ಎಂಬ ಮೂವರು 'ಪ್ಲೇಟೋ' ಎಂಬ ಪಾಠ ಹೇಳುವ ಗಣಕಕ್ಕೆಂದು ಅದನ್ನು ರಚಿಸಿದರು. ಗಾಜಿನ ಎರಡು ಹಲಗೆಗಳ ನಡುವೆ ಅತಿ ಸಣ್ಣ ಗೂಡುಗಳು, ಗೂಡುಗಳಲ್ಲಿ ಅನಿಲ. ವಿದ್ಯುತ್ತು ಹಾಯಿಸಿದರೆ ಗೂಡು ಬೆಳಗುತ್ತದೆ, ನಿಲ್ಲಿಸಿದರೆ ಆರುತ್ತದೆ. ೧೯೯೭ರ ಹೊತ್ತಿಗೆ ೪೨ ಅಂಗುಲದ ಬಣ್ಣದ ಪ್ಲಾಸ್ಮಾ ಮಾರುಕಟ್ಟೆಗೆ ಬಂದಿತ್ತು. ಪ್ರತಿ ಗೂಡೂ ಒಂದು ದೀಪವಾದ್ದರಿಂದ ಕತ್ತಲೆ ಇರಬೇಕಾದ ಕಡೆ ಕತ್ತಲೆಯೇ ಇರುತ್ತಿತ್ತು. ಅದರ ಪ್ರತಿಸ್ಪರ್ಧಿಯಾದ ಎಲ್.ಸಿ.ಡಿ.ಯ ಕ್ರಮ ಬೇರೆ. ಅಲ್ಲಿ ಹಿಂದುಗಡೆ ಸದಾ ಬೆಳಕು ಉರಿಯುತ್ತಿರುತ್ತದೆ, ಮುಂದುಗಡೆ ಲಕ್ಷಾಂತರ ಸಣ್ಣ ಕದಗಳು. ಕದ ಮುಚ್ಚಿದರೂ ಸಂದಿನಿಂದ ಬೆಳಕು ಸೋರುತ್ತದೆ. ಬಯಲಾಟದ ರಂಗಸ್ಥಳದ ಹಿಂದಿನ ರಾತ್ರಿ ಅದರಲ್ಲಿ ಕಪ್ಪಾಗಿ ಕಾಣುವುದಿಲ್ಲ. ಬೂದಿ ಬಳಿದಂತೆ ಕಾಣುತ್ತದೆ. ೨೦೨೨ರ 'ಕಾಂತಾರ' ಚಿತ್ರದ ರಾತ್ರಿಯ ದೃಶ್ಯಗಳನ್ನು ಥಿಯೇಟರಿನಲ್ಲಿ ನೋಡಿ ಬಂದವರು ಮನೆಯ ಅಗ್ಗದ ಪರದೆಯಲ್ಲಿ ಮತ್ತೆ ನೋಡಿದರೆ ನನ್ನ ಮಾತು ತಿಳಿಯುತ್ತದೆ.

ಇಷ್ಟು ಒಳ್ಳೆಯ ಚಿತ್ರ ಕೊಡುತ್ತಿದ್ದ ಯಂತ್ರ ಸತ್ತದ್ದೇಕೆ? ಕಾರಣಗಳು ಹಲವು. ಅದು ಭಾರ, ಕರೆಂಟು ಹೆಚ್ಚು ತಿನ್ನುತ್ತಿತ್ತು, ಅತಿ ಸಣ್ಣ ಚುಕ್ಕೆಗಳಿಂದ ಅದನ್ನು ಕಟ್ಟುವುದು ದುಬಾರಿಯಾಗಿತ್ತು. ಇನ್ನೊಂದು ಕಾರಣವೇ ನಮಗೆ ಇಲ್ಲಿ ಮುಖ್ಯ: ಅಂಗಡಿಯ ಪ್ರಖರ ದೀಪಗಳ ಕೆಳಗೆ ಪ್ಲಾಸ್ಮಾ ಮಂಕಾಗಿ ಕಾಣುತ್ತಿತ್ತು, ಪಕ್ಕದ ಎಲ್.ಸಿ.ಡಿ. ಝಗಝಗಿಸುತ್ತಿತ್ತು. ಕೊಳ್ಳಲು ಬಂದವರು ಝಗಝಗಿಸುವುದನ್ನು ಕೊಂಡರು. ಮನೆಗೆ ಒಯ್ದು ರಾತ್ರಿ ಹಾಕಿ ನೋಡಿದಾಗ ಯಾವುದು ಲೇಸು ಎಂದು ಪರೀಕ್ಷಿಸುವ ಅವಕಾಶ ಅವರಿಗೆ ಇರಲಿಲ್ಲ. ಪಯೊನೀರ್ ಕಂಪೆನಿ ೨೦೦೯ರಲ್ಲಿ ಹಿಂದೆ ಸರಿಯಿತು. ಪ್ಯಾನಸಾನಿಕ್ ೨೦೧೩ರ ಡಿಸೆಂಬರಿನಲ್ಲಿ, ಸ್ಯಾಮ್‌ಸಂಗ್ ಮತ್ತು ಎಲ್.ಜಿ. ೨೦೧೪ರಲ್ಲಿ ತಯಾರಿಕೆ ನಿಲ್ಲಿಸಿದವು. ನಮ್ಮ ಊರಿಗೆ ಸಂಬಂಧಿಸಿದ ಇನ್ನೊಂದು ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಗಲ್ಫಿನಿಂದ ಬಜ್ಪೆಯಲ್ಲಿ ಇಳಿಯುವವರ ಸಾಮಾನಿನ ಜೊತೆ ಚಪ್ಪಟೆ ಟಿ.ವಿ.ಯ ಉದ್ದನೆಯ ಪೆಟ್ಟಿಗೆ ಬರುತ್ತಿದ್ದ ದಿನಗಳಿದ್ದವು. ೨೦೧೩ರ ಆಗಸ್ಟ್ ೨೬ರಿಂದ ಅದನ್ನು ಸುಂಕವಿಲ್ಲದ ಸಾಮಾನಿನ ಪಟ್ಟಿಯಿಂದ ತೆಗೆದರು. ಅಲ್ಲಿಂದೀಚೆಗೆ "ನಮ್ಮ ಭಾವ ದುಬಾಯಿಯಿಂದ ತಂದದ್ದು" ಎಂಬ ಮಾತಿನ ಬದಲು "ಕಂತಿನಲ್ಲಿ ತೆಗೆದದ್ದು" ಎಂಬ ಮಾತು ಚಾವಡಿಗಳಲ್ಲಿ ಹೆಚ್ಚಾಗಿದೆ.

ಪ್ಲಾಸ್ಮಾ ಹೋಯಿತು, ಅಂಗಡಿಯ ದೀಪ ಹೋಗಲಿಲ್ಲ. ಇಂದಿಗೂ ಅಂಗಡಿಯಲ್ಲಿ ಯಂತ್ರಗಳನ್ನು ಅತಿ ಪ್ರಖರವಾಗಿ ಉರಿಯುವಂತೆ, ಬಣ್ಣ ಕಣ್ಣು ಚುಚ್ಚುವಂತೆ ಹೊಂದಿಸಿಟ್ಟಿರುತ್ತಾರೆ. ಅದಕ್ಕೆಂದೇ ಯಂತ್ರದೊಳಗೆ 'ಸ್ಟೋರ್ ಮೋಡ್' ಎಂಬ ಏರ್ಪಾಟಿರುತ್ತದೆ. ನಾವು ಮಾಡಬೇಕಾದದ್ದು ಇಷ್ಟು: ಅದನ್ನು ಮನೆಯ ಹೊಂದಾಣಿಕೆಗೆ ತಿರುಗಿಸಿರೆಂದು ಕೇಳುವುದು, ನಾವೇ ಒಂದು ಪೆನ್‌ಡ್ರೈವಿನಲ್ಲಿ ರಾತ್ರಿಯ ಆಟದ ಹದಿನೈದು ನಿಮಿಷದ ಚಿತ್ರವನ್ನು ಒಯ್ದು ಹಾಕಿಸುವುದು, ಸಾಧ್ಯವಾದರೆ ಸಾದಾ ಕೇಬಲ್ ವಾಹಿನಿಯೊಂದನ್ನೂ ಹಾಕಿಸಿ ನೋಡುವುದು. ಎದುರು ನಿಂತು ನೋಡಿದ ಮೇಲೆ ಪಕ್ಕಕ್ಕೆ ಸರಿದು ನೋಡಬೇಕು. ಕೆಲವು ಪರದೆಗಳಲ್ಲಿ ಓರೆಯಿಂದ ನೋಡಿದರೆ ಬಣ್ಣ ಮಾಸುತ್ತದೆ; ಚಾವಡಿಯಲ್ಲಿ ಎಲ್ಲರೂ ನಟ್ಟನಡುವೆ ಕೂರುವುದಿಲ್ಲವಷ್ಟೆ. ಹೀಗೆಲ್ಲ ಕೇಳಲು ನಮ್ಮವರಿಗೆ ಸಂಕೋಚ. ಮೂವತ್ತು ರೂಪಾಯಿಯ ಬಂಗುಡೆಯ ಕಿವಿರು ಎತ್ತಿ ನೋಡದೆ ಕೊಳ್ಳದ ಅಮ್ಮಂದಿರು ಮೂವತ್ತು ಸಾವಿರದ ಯಂತ್ರದ ಮುಂದೆ ಸೆರಗು ಮುದುಡಿಕೊಂಡು ನಿಲ್ಲುತ್ತಾರೆ.

ಹೆಸರುಗಳ ಗೊಂದಲ ಬೇರೆ. ಈಗ ಎಲ್.ಇ.ಡಿ. ಟಿ.ವಿ. ಎಂದು ಮಾರುವುದು ವಾಸ್ತವವಾಗಿ ಆ ಎಲ್.ಸಿ.ಡಿ.ಯೇ, ಹಿಂದಿನ ದೀಪ ಮಾತ್ರ ಬದಲಾಗಿದೆ. ಕ್ಯೂ.ಎಲ್.ಇ.ಡಿ. ಎಂಬುದೂ ಅದೇ ಕುಟುಂಬದ್ದು, ಬಣ್ಣ ಚೆನ್ನಾಗಿಸಲು ಒಂದು ಪದರವನ್ನು ಹೆಚ್ಚಾಗಿ ಸೇರಿಸಿದ್ದು. ಪ್ಲಾಸ್ಮಾದ ಹಾಗೆ ಪ್ರತಿ ಚುಕ್ಕೆಯೂ ತಾನೇ ಬೆಳಗುವುದು ಓ.ಎಲ್.ಇ.ಡಿ.ಯಲ್ಲಿ. ಇಂಗ್ಲಿಷಿನಲ್ಲಿ ಬರೆದಾಗ 'ಓ' ಅಕ್ಷರಕ್ಕೆ ಒಂದು ಸಣ್ಣ ಬಾಲ ಸೇರಿದರೆ 'ಕ್ಯೂ' ಆಗುತ್ತದೆ. ಆ ಬಾಲದ ಬೆಲೆ ಹಲವು ಸಾವಿರ ರೂಪಾಯಿ. ಕಪ್ಪು ಬೇಕಾದರೆ ಓ.ಎಲ್.ಇ.ಡಿ.ಗೆ ಸಾಟಿಯಿಲ್ಲ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಅದಕ್ಕೂ ಪ್ಲಾಸ್ಮಾದ ಒಂದು ಹಳೆಯ ರೋಗ ತಗಲಿಕೊಂಡಿದೆ: ಒಂದೇ ಆಕೃತಿ ಬಹುಕಾಲ ಒಂದೇ ಕಡೆ ನಿಂತರೆ ಅದರ ಗುರುತು ಪರದೆಯಲ್ಲಿ ಉಳಿದುಬಿಡಬಹುದು. ಬೆಳಿಗ್ಗೆಯಿಂದ ರಾತ್ರಿಯವರೆಗೆ ವಾರ್ತಾವಾಹಿನಿಯೊಂದನ್ನೇ ಹಾಕಿಡುವ ಮನೆಗಳಿವೆ. ಆ ವಾಹಿನಿಗಳ ಕೆಂಪು ಪಟ್ಟಿ ಅಲುಗುವುದೇ ಇಲ್ಲ. ಅಂಥ ಮನೆಗೆ ಓ.ಎಲ್.ಇ.ಡಿ. ತಕ್ಕುದಲ್ಲ.

ಹಾಗಾದರೆ ನಮ್ಮ ಮನೆಗೆ? ನಮ್ಮ ಚಾವಡಿಯ ಮುಖ್ಯ ಪ್ರೇಕ್ಷಕರು ಅಮ್ಮ. ಈ ನಗರದ ಸುತ್ತಲಿನ ಸಾವಿರಾರು ಹೆಂಗಸರಂತೆ ಅವರೂ ಮಡಿಲಲ್ಲಿ ತಡ್ಪೆ ಇಟ್ಟುಕೊಂಡು ಬೀಡಿ ಕಟ್ಟುತ್ತ ಟಿ.ವಿ. ನೋಡುವವರು. ನೋಡುವವರು ಎನ್ನುವುದಕ್ಕಿಂತ ಕೇಳುವವರು ಎನ್ನುವುದೇ ಸರಿ. ಕಣ್ಣು ಎಲೆಯ ಮೇಲೆ, ಕಿವಿ ಧಾರಾವಾಹಿಯ ಮೇಲೆ. ಮಾತಿನ ಧ್ವನಿ ಬದಲಾದಾಗ ಮಾತ್ರ ತಲೆಯೆತ್ತುತ್ತಾರೆ. ಬೀಡಿ ಕಟ್ಟಲು ದೀಪ ಬೇಕು. ಆದ್ದರಿಂದ ನಮ್ಮ ಚಾವಡಿಯಲ್ಲಿ ರಾತ್ರಿ ಹತ್ತರವರೆಗೆ ಟ್ಯೂಬ್‌ಲೈಟು ಆರುವುದಿಲ್ಲ. ಹಗಲಿನಲ್ಲಿ ಮುಂಬಾಗಿಲು ತೆರೆದೇ ಇರುತ್ತದೆ. ದೀಪ ಉರಿಯುವ ಕೋಣೆಯಲ್ಲಿ ಅಪ್ಪಟ ಕಪ್ಪಿನ ಸೊಗಸು ಅರ್ಧ ಹೋಗುತ್ತದೆ. ಹಾಗಾಗಿ, ಪ್ಲಾಸ್ಮಾದ ಗುಣವನ್ನು ಇಷ್ಟು ಹೊಗಳಿದ ಮೇಲೂ, ನಮ್ಮಂಥ ಮನೆಗೆ ಒಳ್ಳೆಯ ದರ್ಜೆಯ ಸಾಧಾರಣ ಎಲ್.ಇ.ಡಿ.ಯೇ ತಕ್ಕುದೆಂದು ನಾನು ಹೇಳುವೆ. ಪ್ರತಿಫಲನ ಕಡಿಮೆಯಿರುವ ಪರದೆಯಾದರೆ ಇನ್ನೂ ಲೇಸು; ಇಲ್ಲವಾದರೆ ಹಗಲಿನ ಧಾರಾವಾಹಿಯಲ್ಲಿ ನಾಯಕಿಯ ಮುಖದ ಬದಲು ನಮ್ಮ ಅಂಗಳದ ತೆಂಗಿನಮರವೇ ಕಾಣಿಸೀತು.

ಅಪ್ಪನಿಗೆ ಬೇಕಾಗಿದ್ದದ್ದು ೬೫ ಅಂಗುಲದ್ದು. ಅದು ಬರಿಯ ಒಣ ಪ್ರತಿಷ್ಠೆ ಎಂದು ನಾನು ಹೇಳಲಾರೆ. ೧೯೮೭–೮೮ರಲ್ಲಿ ಭಾನುವಾರ ಬೆಳಿಗ್ಗೆ 'ರಾಮಾಯಣ' ಬರುತ್ತಿದ್ದಾಗ ಅವರು ಹುಡುಗ, ಟಿ.ವಿ. ಇದ್ದ ಮನೆಯ ಹೊರಗೆ ನಿಂತು ಕಿಟಕಿಯ ಸರಳು ಹಿಡಿದು ನೋಡಿದವರು. ಮುಂದೆ ನಿಂತವರ ತಲೆಗಳ ನಡುವೆ ಕಂಡಷ್ಟೇ ಅವರ ರಾಮಾಯಣ. ಅಂಥವರಿಗೆ ತನ್ನ ಗೋಡೆಯ ತುಂಬ ಪರದೆ ಇರಲಿ ಎಂದು ಆಸೆಯಾದರೆ ತಪ್ಪೇನು? ಅದನ್ನು ಬೇಡವೆನ್ನುವ ಅಧಿಕಾರ ಮೂರು ವರ್ಷ ಕಾಲೇಜಿಗೆ ಹೋಗಿಬಂದ ಮಾತ್ರಕ್ಕೆ ನನಗೆ ಬರುತ್ತದೆಯೇ? ಈ ಪ್ರಶ್ನೆಯನ್ನು ನಾನು ಬಹಳ ದಿನ ಯೋಚಿಸಿದ್ದೇನೆ. ಬೇಡವೆನ್ನುವ ಅಧಿಕಾರ ನಮಗಿಲ್ಲ, ತೋರಿಸುವ ಕರ್ತವ್ಯವಿದೆ. ಪೆನ್‌ಡ್ರೈವಿನ ಆಟವನ್ನು ಒಂದೇ ಬೆಲೆಯ ಎರಡು ಯಂತ್ರಗಳಲ್ಲಿ, ೬೫ ಅಂಗುಲದ ಅಗ್ಗದ ತಯಾರಿಕೆಯದರಲ್ಲಿ ಮತ್ತು ೪೩ ಅಂಗುಲದ ಒಳ್ಳೆಯದರಲ್ಲಿ, ಹಾಕಿಸಿದೆ. ಎಂಟು ಅಡಿ ಅಳೆದು ಅಪ್ಪನನ್ನು ನಿಲ್ಲಿಸಿದೆ. ದೊಡ್ಡದರಲ್ಲಿ ವೇಷದ ಮುಖವರ್ಣಿಕೆಯ ಗೆರೆಗಳು ಕಲಸಿಹೋಗಿ, ಹಿನ್ನೆಲೆ ಬೂದುಬಣ್ಣಕ್ಕೆ ತಿರುಗಿತ್ತು. ಅವರು ಎರಡನ್ನೂ ಸ್ವಲ್ಪ ಹೊತ್ತು ನೋಡಿ, "ಇದರಲ್ಲಿ ಕಣ್ಣು ಕಾಣುತ್ತದೆ" ಎಂದು ಚಿಕ್ಕದನ್ನು ತೋರಿಸಿದರು. ಯಕ್ಷಗಾನ ನೋಡಿ ಬೆಳೆದವರಿಗೆ ಇದಕ್ಕಿಂತ ಹೆಚ್ಚಿನ ತಾಂತ್ರಿಕ ವಿವರಣೆ ಬೇಕಾಗುವುದಿಲ್ಲ.

ಹಣದ ವಿಷಯದಲ್ಲಿ ಅಂಗಡಿಯವರ ಮಾತು ಬಹಳ ಸಿಹಿ. "ಬಡ್ಡಿಯಿಲ್ಲದ ಕಂತು, ದೊಡ್ಡದನ್ನೇ ತೆಗೆಯಿರಿ, ತಿಂಗಳಿಗೆ ಹೆಚ್ಚುವುದು ಸಾವಿರ ಮಾತ್ರ." ೨೦೧೩ರ ಸೆಪ್ಟೆಂಬರಿನಲ್ಲೇ ಭಾರತೀಯ ರಿಸರ್ವ್ ಬ್ಯಾಂಕು, ಸೊನ್ನೆ ಬಡ್ಡಿ ಎಂಬ ವಸ್ತುವೇ ಇಲ್ಲವೆಂಬ ಅರ್ಥದಲ್ಲಿ ಬ್ಯಾಂಕುಗಳಿಗೆ ಸುತ್ತೋಲೆ ಕಳುಹಿಸಿತ್ತು. ಬಡ್ಡಿ ಬೇರೆ ವೇಷ ಹಾಕಿ ಬರುತ್ತದೆ: ಸಂಸ್ಕರಣ ಶುಲ್ಕವೆಂದು, ಅಥವಾ ನಗದು ಕೊಟ್ಟವರಿಗೆ ಸಿಗುವ ರಿಯಾಯಿತಿ ನಮಗೆ ಸಿಗದೆ. "ಈಗಲೇ ಪೂರ್ತಿ ಕೊಟ್ಟರೆ ಎಷ್ಟು?" ಎಂದು ಮೊದಲು ಕೇಳಿ, ಆಮೇಲೆ ಕಂತುಗಳನ್ನು ಕೂಡಿಸಿ ನೋಡಿದರೆ ವೇಷ ಕಳಚುತ್ತದೆ. ತಿಂಗಳಿಗೆ ಸಾವಿರ ರೂಪಾಯಿ ಎಂದರೆ ಎಷ್ಟು ಸಾವಿರ ಬೀಡಿ ಎಂಬ ಲೆಕ್ಕವನ್ನು ಓದುಗರು ಹಾಕಿ ನೋಡಬಹುದು. ನಮ್ಮ ಮನೆಯಲ್ಲಿ ಆ ಲೆಕ್ಕಕ್ಕೆ ಕಾಗದ ಬೇಕಾಗುವುದಿಲ್ಲ.

ಉಳಿದ ಹಣದಲ್ಲಿ ಸ್ವಲ್ಪವನ್ನು ಧ್ವನಿಗೆ ಖರ್ಚು ಮಾಡುವುದು ಬುದ್ಧಿವಂತಿಕೆ. ಯಂತ್ರ ತೆಳ್ಳಗಾದಷ್ಟೂ ಸ್ಪೀಕರಿಗೆ ಜಾಗವಿಲ್ಲ. ಹೆಚ್ಚಿನವುಗಳಲ್ಲಿ ಅದು ಕೆಳಮುಖವಾಗಿ ಇಲ್ಲವೇ ಹಿಂಭಾಗದಲ್ಲಿ ಅಡಗಿರುತ್ತದೆ. ಚೆಂಡೆಯ ಪೆಟ್ಟು ತಗಡಿನ ಸದ್ದಾಗಿ, ಭಾಗವತರ ಕಂಠ ಮೂಗಿನ ಸ್ವರವಾಗಿ ಬರುತ್ತದೆ. ಮಳೆಗಾಲದಲ್ಲಿ ಹಂಚಿನ ಮೇಲೆ ಮಳೆ ಸುರಿಯುವಾಗಲಂತೂ ಏನೂ ಕೇಳಿಸದು. ಕಿವಿಯಿಂದ ಟಿ.ವಿ. ನೋಡುವವರ ಮನೆಯಲ್ಲಿ ಹನ್ನೆರಡು ಅಂಗುಲ ಹೆಚ್ಚು ಪರದೆಗಿಂತ ಒಂದು ಸಾಧಾರಣ ಹೊರಗಿನ ಸ್ಪೀಕರು ಹೆಚ್ಚು ಉಪಕಾರಿ.

ವಿದ್ಯುತ್ತಿನ ಲೆಕ್ಕವನ್ನು ಗೃಹಜ್ಯೋತಿ ಯೋಜನೆ ಬಂದ ಮೇಲೆ ಹಲವರು ಮರೆತಿದ್ದಾರೆ. ೨೦೨೩ರ ಜುಲೈಯಿಂದ ಬಂದ ಈ ಯೋಜನೆಯಲ್ಲಿ ೨೦೦ ಯೂನಿಟು ಎಲ್ಲರಿಗೂ ಪುಕ್ಕಟೆ ಎಂದು ತಿಳಿದವರಿದ್ದಾರೆ. ಹಾಗಲ್ಲ. ೨೦೨೨–೨೩ರಲ್ಲಿ ಆ ಮನೆ ತಿಂಗಳಿಗೆ ಸರಾಸರಿ ಬಳಸಿದ್ದಕ್ಕೆ ಶೇಕಡಾ ಹತ್ತು ಸೇರಿಸಿ, ಅಷ್ಟು ಪುಕ್ಕಟೆ. ಮೀರಿದ್ದಕ್ಕೆ ಹಣ ಕೊಡಬೇಕು. ೨೦೦ ದಾಟಿದರೆ ಪೂರ್ತಿ ಬಿಲ್ಲು. ಸರಾಸರಿ ೭೦ ಯೂನಿಟಿನ ಮನೆಗೆ ಹೆಚ್ಚಿಗೆ ಸಿಗುವುದು ಏಳು. ೨೧ ಅಂಗುಲದ ಹಳೆಯ ಪೆಟ್ಟಿಗೆ ಟಿ.ವಿ. ಸುಮಾರು ೭೫ ವಾಟಿನದು. ದಿನಕ್ಕೆ ಐದು ಗಂಟೆಯಂತೆ ತಿಂಗಳಿಗೆ ಹನ್ನೊಂದು ಯೂನಿಟು. ಇಂದಿನ ೪೩ ಅಂಗುಲದ್ದು ಹೆಚ್ಚುಕಡಿಮೆ ಅಷ್ಟೇ ತಿನ್ನುತ್ತದೆ. ೬೫ ಅಂಗುಲದ್ದು ೧೫೦ ವಾಟಿನದಾದರೆ ಇಪ್ಪತ್ತೆರಡೂವರೆ ಯೂನಿಟು. ಆ ಏಳು ಯೂನಿಟು ಅಲ್ಲಿಗೆ ಮುಗಿದು ಮೆಸ್ಕಾಂ ಬಿಲ್ಲಿನಲ್ಲಿ ಅಂಕೆ ಮೂಡುತ್ತದೆ. ಯಂತ್ರದ ಹಿಂಭಾಗದಲ್ಲಿ ವಾಟು, ಮುಂಭಾಗದ ನಕ್ಷತ್ರದ ಚೀಟಿಯಲ್ಲಿ ವರ್ಷದ ಯೂನಿಟು ಬರೆದಿರುತ್ತದೆ. ಓದಲು ಎರಡು ನಿಮಿಷ ಸಾಕು.

ಇದೆಲ್ಲ ಕೇಳಿದ ಸಹಪಾಠಿಯೊಬ್ಬರು, "ಈ ಕಾಲದಲ್ಲಿ ಟಿ.ವಿ. ಯಾಕೆ, ಎಲ್ಲರ ಕೈಯಲ್ಲೂ ಮೊಬೈಲಿದೆಯಲ್ಲ" ಎಂದರು. ಇದೆ. ಆದುದರಿಂದಲೇ ನಮ್ಮ ಮನೆಯ ಐದು ಜನ ಐದು ಮೂಲೆಯಲ್ಲಿ ಐದು ಬಗೆಯ ನಗು ನಗುತ್ತಿರುತ್ತಾರೆ. ಯಾರು ಯಾವುದಕ್ಕೆ ನಕ್ಕರೆಂದು ಇನ್ನೊಬ್ಬರಿಗೆ ತಿಳಿಯದು. ಅಜ್ಜಿಗೆ ಅಂಗೈಯಗಲದ ಪರದೆ ಕಾಣುವುದೂ ಇಲ್ಲ. ಕಂಬಳದ ಕೋಣಗಳು ನೀರು ಚಿಮ್ಮಿಸುತ್ತ ಓಡಿಬರುವಾಗ "ಹೋ" ಎಂದು ಒಟ್ಟಿಗೆ ಕೂಗುವುದಕ್ಕೆ ಒಂದು ಪರದೆ ಬೇಕು. ಅದು ಗೋಡೆಯಷ್ಟು ದೊಡ್ಡದಿರಬೇಕಾಗಿಲ್ಲ. ಟಿ.ವಿ.ಯಿಂದ ಓದು ಕೆಡುತ್ತದೆಂಬ ಉಪನ್ಯಾಸಕರ ವಾದಕ್ಕೆ ಎದುರಾಡುವಷ್ಟು ಅಂಕಗಳು ನನ್ನಲ್ಲಿಲ್ಲವಾದ್ದರಿಂದ ಅದನ್ನು ಇಲ್ಲಿಗೇ ಬಿಡುತ್ತೇನೆ.

ಕೊಂಡ ಮೇಲೆ ಗೋಡೆಯ ಕೆಲಸವೊಂದು ಉಳಿಯುತ್ತದೆ. ನಮ್ಮ ಕಡೆಯ ಹಳೆಯ ಗೋಡೆಗಳು ಮುರಕಲ್ಲಿನವು. ತೂತು ಕೊರೆದರೆ ಪುಡಿಯಾಗಿ ಉದುರುತ್ತದೆ, ಸಾಧಾರಣ ಸ್ಕ್ರೂ ಹಿಡಿಯುವುದಿಲ್ಲ. ಉದ್ದನೆಯದೇ ಬೇಕೆಂದು ಮೊದಲೇ ಹೇಳಬೇಕು, ಮಳೆಗಾಲದಲ್ಲಿ ನೀರು ಒಸರುವ ಗೋಡೆಯನ್ನು ಬಿಟ್ಟುಬಿಡಬೇಕು. ಮಳೆಗಾಲದ ಮುಂಚೆಯೂ, ತುಲಾಮಾಸದ ಸಂಜೆಗಳಲ್ಲೂ ಗುಡುಗು ಕೇಳಿದೊಡನೆ ಸ್ವಿಚ್ಚು ಆರಿಸಿದರೆ ಸಾಲದು. ಪ್ಲಗ್ಗನ್ನು ಕೀಳಬೇಕು, ಅದರ ಜೊತೆ ಕೇಬಲಿನ ತಂತಿಯನ್ನೂ ಕೀಳಬೇಕು. ಸಿಡಿಲು ಎರಡನೆಯ ದಾರಿಯಿಂದಲೂ ಬರುತ್ತದೆ. ಆಗ ಸುಟ್ಟದ್ದಕ್ಕೆ ಸಾಮಾನ್ಯವಾಗಿ ಗ್ಯಾರಂಟಿ ಒದಗುವುದಿಲ್ಲ. ಈ ಎರಡು ತಂತಿಗಳಿಗೆ ಕೈ ಎಟಕುವಂತೆ ಯಂತ್ರವನ್ನು ತೂಗುಹಾಕಬೇಕು.

ಎತ್ತರದ ವಿಷಯದಲ್ಲಂತೂ ಕೂರಿಸಲು ಬರುವವರ ಪದ್ಧತಿಯೇ ವಿಚಿತ್ರ. ದೇವರ ಪಟ, ತೀರಿಹೋದ ಹಿರಿಯರ ಭಾವಚಿತ್ರ ಇರುವ ಎತ್ತರಕ್ಕೇ ಟಿ.ವಿ.ಯನ್ನೂ ಏರಿಸಿಬಿಡುತ್ತಾರೆ. ನೆಲದಲ್ಲಿ ಕೂತವರು ಗಂಟೆಗಟ್ಟಲೆ ಕತ್ತೆತ್ತಿ ನೋಡಬೇಕು. ನಮ್ಮ ಮನೆಗೆ ಬಂದವರು ಐದೂವರೆ ಅಡಿಯಲ್ಲಿ ಗುರುತು ಹಾಕಿದರು. ನಾನು ಅಮ್ಮನನ್ನು ಎಂದಿನ ಜಾಗದಲ್ಲಿ, ಎಂದಿನಂತೆ ತಡ್ಪೆ ಇಟ್ಟುಕೊಂಡು ಕೂರಲು ಹೇಳಿ, ಅವರ ಕಣ್ಣಿನ ಎತ್ತರವನ್ನು ಟೇಪು ಹಿಡಿದು ಅಳೆದೆ. ಎರಡು ಅಡಿ ಏಳು ಅಂಗುಲ ಬಂತು. "ಇಷ್ಟು ಕೆಳಗೆ ಯಾರೂ ಹಾಕುವುದಿಲ್ಲ, ಬಂದವರಿಗೆ ಕಾಣುವುದಿಲ್ಲ" ಎಂದು ಅವರು ಗೊಣಗಿದರು. ಬಂದವರು ಕೂತುಕೊಂಡು ನೋಡಲಿ ಎಂದು ಅಪ್ಪನೇ ಪೆನ್ಸಿಲು ತೆಗೆದುಕೊಂಡು ಹೊಸ ಗುರುತು ಹಾಕಿದರು.